ಚಾರ್ಲ್ಸ್ ಎಡ್ಮಂಡ್ ಕೆಲ್ಸ್

ಚಾರ್ಲ್ಸ್ ಎಡ್ಮಂಡ್ ಕೆಲ್ಸ್ (ಅಕ್ಟೋಬರ್ 21, 1856 – ಮೇ 7, 1928) ಅಮೆರಿಕ ಸಂಯುಕ್ತ ಸಂಸ್ಥಾನದ ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದಲ್ಲಿ ವೃತ್ತಿ ನಡೆಸಿದ ದಂತವೈದ್ಯರು, ಉಪಕರಣಗಳ ನಿರ್ಮಾತೃ ಮತ್ತು ಲೇಖಕರು. ಕ್ಷ-ಕಿರಣವನ್ನು (ಎಕ್ಸ್-ರೇ) ಹಲ್ಲು ಹಾಗೂ ದವಡೆಯ ಪರೀಕ್ಷೆಗೆ ದಿನನಿತ್ಯದ ಸಾಧನವಾಗಿ ಬಳಕೆಗೆ ತಂದವರಲ್ಲಿ ಇವರು ಅಗ್ರಗಣ್ಯರು. ಅದೇ ಕಿರಣದಿಂದ ಉಂಟಾದ ಅರ್ಬುದ ರೋಗಕ್ಕೆ ಬೆರಳು, ಕೈ, ತೋಳುಗಳನ್ನು ಒಂದೊಂದಾಗಿ ಕಳೆದುಕೊಂಡು ಮರಣ ಹೊಂದಿದರು. ಆದ್ದರಿಂದ ದಂತವೈದ್ಯಕೀಯದ ಇತಿಹಾಸದಲ್ಲಿ ಇವರನ್ನು ಕ್ಷ-ಕಿರಣದ ಹುತಾತ್ಮರೆಂದು ಸ್ಮರಿಸಲಾಗುತ್ತದೆ.

ದಂತ ಚಿಕಿತ್ಸಾಲಯದಲ್ಲಿ ಮಹಿಳಾ ಸಹಾಯಕಿಯನ್ನು ನೇಮಿಸಿಕೊಂಡದ್ದು, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರಕ್ತವನ್ನೂ ಜೊಲ್ಲನ್ನೂ ಹೀರಿ ತೆಗೆಯುವ ಯಂತ್ರವನ್ನು ರೂಪಿಸಿದ್ದು, ಕೀಳಬೇಕಾಗಿಲ್ಲದ ಹಲ್ಲುಗಳನ್ನು ಕೀಳುವ ಪದ್ಧತಿಯನ್ನು ಬಹಿರಂಗವಾಗಿ ವಿರೋಧಿಸಿದ್ದು ಇವರ ಇತರ ಮುಖ್ಯ ಕೊಡುಗೆಗಳು. ದವಡೆಯ ಎಲುಬಿನೊಳಗೆ ಯಾವ ನೋವೂ ಕೊಡದೆ ಅಡಗಿರುವ ನಿರಪಾಯಕಾರಿ ವಿಕೃತಿಗಳನ್ನು ಇಂದು ವೈದ್ಯರು ಆಕಸ್ಮಿಕವಾಗಿ ಪತ್ತೆ ಹಚ್ಚುತ್ತಿರುವುದು ಕೆಲ್ಸ್ ಅವರಂಥವರು ಆರಂಭಿಸಿದ ಈ ಪರೀಕ್ಷಾ ಕ್ರಮದಿಂದಲೇ.

ಜನನ ಮತ್ತು ವಿದ್ಯಾಭ್ಯಾಸ

ಕೆಲ್ಸ್ ಜನಿಸಿದ್ದು ನ್ಯೂ ಆರ್ಲಿಯನ್ಸ್‌ನಲ್ಲಿ. ತಂದೆಯ ಹೆಸರೂ ಚಾರ್ಲ್ಸ್ ಎಡ್ಮಂಡ್ ಕೆಲ್ಸ್ ಎಂದೇ ಇದ್ದುದರಿಂದ ಮಗನನ್ನು ಕಿರಿಯ ಕೆಲ್ಸ್ ಎಂದು ಕರೆಯುವ ರೂಢಿಯಿತ್ತು. ತಂದೆ ಅದೇ ನಗರದಲ್ಲಿ ಹೆಸರಾಂತ ದಂತವೈದ್ಯರಾಗಿದ್ದರು. ಮಿಸಿಸಿಪ್ಪಿ ನದಿಯ ಮುಖಜ ಭೂಮಿಯ ಬಳಿ ಇರುವ ಈ ಬಂದರು ನಗರವು ಅಮೆರಿಕದ ಅಂತರ್ಯುದ್ಧದಲ್ಲಿ 1862ರಲ್ಲಿ ಉತ್ತರದ ಸೇನೆಯ ವಶವಾಯಿತು. ಆಗ ಕೆಲ್ಸ್ ಅವರಿಗೆ ಐದು ವರ್ಷ. ಅವರ ಬಾಲ್ಯ ಮತ್ತು ಶಾಲಾ ದಿನಗಳು ಯುದ್ಧ ಹಾಗೂ ಯುದ್ಧಾನಂತರದ ಸಂಕಷ್ಟದ ಕಾಲದಲ್ಲಿಯೇ ಕಳೆದವು.

ಆ ಕಾಲದಲ್ಲಿ ಹಲ್ಲಿನ ವೈದ್ಯವೃತ್ತಿಯನ್ನು ಗುರುವಿನ ಬಳಿ ಇದ್ದು ಕಲಿಯುವ ಪದ್ಧತಿಯು ಇನ್ನೂ ಪೂರ್ಣವಾಗಿ ಮರೆಯಾಗಿರಲಿಲ್ಲ. ಕೆಲ್ಸ್ ಮಾತ್ರ ನ್ಯೂಯಾರ್ಕಿಗೆ ತೆರಳಿ ಅಲ್ಲಿನ ನ್ಯೂಯಾರ್ಕ್ ದಂತವೈದ್ಯಕೀಯ ಕಾಲೇಜಿನಲ್ಲಿ ಕ್ರಮಬದ್ಧವಾಗಿ ಅಧ್ಯಯನ ನಡೆಸಿ 1878ರಲ್ಲಿ ಪದವಿ ಪಡೆದರು. ಅವರು ನ್ಯೂಯಾರ್ಕಿನಲ್ಲಿದ್ದ ವರ್ಷಗಳು ವಿದ್ಯುಚ್ಛಕ್ತಿಯ ಪ್ರಯೋಗಗಳು ಭರದಿಂದ ಸಾಗುತ್ತಿದ್ದ ವರ್ಷಗಳು. ಥಾಮಸ್ ಎಡಿಸನ್ ತಮ್ಮ ದೀಪವನ್ನು ಲೋಕಕ್ಕೆ ತೋರಿಸಿದ್ದು ಕೆಲ್ಸ್ ಪದವಿ ಪಡೆದ ಮರುವರ್ಷ, ಅಂದರೆ 1879ರಲ್ಲಿ. ಯಂತ್ರ ಮತ್ತು ವಿದ್ಯುತ್ತಿನ ಬಗೆಗಿನ ಅವರ ಆಸಕ್ತಿ ಜೀವಮಾನವಿಡೀ ಉಳಿಯಿತು.

ವೃತ್ತಿ ಜೀವನದ ಆರಂಭ

ಪದವಿಯ ನಂತರ ಕೆಲ್ಸ್ ತವರು ನಗರಕ್ಕೆ ಮರಳಿ ತಂದೆಯೊಂದಿಗೆ ವೃತ್ತಿ ಆರಂಭಿಸಿದರು. ಆಗಿನ ದಂತ ಚಿಕಿತ್ಸಾಲಯಗಳಲ್ಲಿ ಹಲ್ಲು ಕೊರೆಯುವ ಯಂತ್ರವು ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿದು ನಡೆಸುವಂಥದ್ದಾಗಿತ್ತು. ಬೆಳಕಿಗೆ ಕಿಟಕಿಯೇ ಗತಿ. ಹಲ್ಲಿನ ಕುಳಿಯನ್ನು ಒಣಗಿಸಲು ಕೈಯಿಂದ ಒತ್ತುವ ರಬ್ಬರ್ ಬುರುಡೆಯ ಗಾಳಿ. ಕೆಲ್ಸ್ ತಮ್ಮ ಚಿಕಿತ್ಸಾಲಯಕ್ಕೆ ವಿದ್ಯುತ್ತನ್ನು ಬಹಳ ಬೇಗ ತರಿಸಿಕೊಂಡರು. ಕೊರೆಯುವ ಯಂತ್ರ, ದೀಪ, ಒತ್ತಡದ ಗಾಳಿ ಎಲ್ಲಕ್ಕೂ ಅದನ್ನು ಹೊಂದಿಸಿದರು. ವಿದ್ಯುತ್ತನ್ನು ದಂತ ಚಿಕಿತ್ಸೆಗೆ ಬಳಸಿಕೊಂಡ ಮೊದಲ ಪೀಳಿಗೆಯವರಲ್ಲಿ ಇವರ ಹೆಸರು ಸೇರುತ್ತದೆ.

ಅಂಗಡಿಯಲ್ಲಿ ಸಿಗದ ಉಪಕರಣವನ್ನು ತಾವೇ ಮಾಡಿಕೊಳ್ಳುವುದು ಕೆಲ್ಸ್ ಅವರ ಸ್ವಭಾವವಾಗಿತ್ತು. ಅವರು ಸುಮಾರು 30 ಹಕ್ಕುಪತ್ರಗಳನ್ನು (ಪೇಟೆಂಟ್) ಪಡೆದಿದ್ದರು. ಬೆಂಕಿ ಆರಿಸುವ ಸಾಧನ, ಕಳ್ಳರ ಸುಳಿವು ಕೊಡುವ ಗಂಟೆಯಂತಹ, ಹಲ್ಲಿಗೂ ವೈದ್ಯಕ್ಕೂ ಸಂಬಂಧವಿಲ್ಲದ ವಸ್ತುಗಳೂ ಅವರ ಸಂಶೋಧನೆಗಳ ಪಟ್ಟಿಯಲ್ಲಿವೆ. ಇವುಗಳಲ್ಲಿ ಹೆಚ್ಚು ಕಾಲ ಬಾಳಿದ್ದು ಹೀರು ಯಂತ್ರ. ಅದಕ್ಕೆ ಮೊದಲು ಬಾಯಿಯಲ್ಲಿ ತುಂಬುವ ರಕ್ತವನ್ನು ಅರಳೆ ಅಥವಾ ಸ್ಪಂಜಿನಿಂದ ಒರೆಸಿ ಒರೆಸಿ ತೆಗೆಯಬೇಕಾಗಿತ್ತು, ಶಸ್ತ್ರಚಿಕಿತ್ಸಕರ ಕಣ್ಣಿಗೆ ಗಾಯದ ತಳ ಸರಿಯಾಗಿ ಕಾಣುತ್ತಿರಲಿಲ್ಲ. ಕೆಲ್ಸ್ ರೂಪಿಸಿದ ಪಂಪು ಇದನ್ನು ನಳಿಕೆಯ ಮೂಲಕ ನಿರಂತರವಾಗಿ ಹೀರಿಕೊಳ್ಳುತ್ತಿತ್ತು. ಹಲ್ಲಿನ ಚಿಕಿತ್ಸೆಗಷ್ಟೇ ಅಲ್ಲದೆ ಸಾಮಾನ್ಯ ಶಸ್ತ್ರಚಿಕಿತ್ಸೆಗೂ ಇದು ಒದಗಿಬಂದಿತು. ಇಂದು ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಕುಳಿತವರ ತುಟಿಯ ಅಂಚಿಗೆ ಸಿಕ್ಕಿಸುವ ಕೊಳವೆ ಅದೇ ವಂಶದ್ದು.

ಮಹಿಳಾ ಸಹಾಯಕಿಯ ನೇಮಕ

1885ರಲ್ಲಿ ಕೆಲ್ಸ್ ತಮ್ಮ ಚಿಕಿತ್ಸಾಲಯಕ್ಕೆ ಮಾಲ್ವಿನಾ ಕ್ಯೂರಿಯಾ ಎಂಬ ಯುವತಿಯನ್ನು ಸಹಾಯಕಿಯಾಗಿ ನೇಮಿಸಿಕೊಂಡರು. ಅಮೆರಿಕದಲ್ಲಿ ದಂತ ಸಹಾಯಕಿಯರ ವೃತ್ತಿ ಇಲ್ಲಿಂದ ಆರಂಭವಾಯಿತೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಆ ಕಾಲದ ಮರ್ಯಾದೆಯ ಕಟ್ಟಳೆಯಂತೆ ಗೌರವಸ್ಥ ಮನೆಯ ಹೆಣ್ಣುಮಕ್ಕಳು ಗಂಡನೋ ಅಣ್ಣತಮ್ಮಂದಿರೋ ಜೊತೆಗಿಲ್ಲದೆ ಹಲ್ಲಿನ ವೈದ್ಯರ ಕೋಣೆಗೆ ಒಬ್ಬರೇ ಹೋಗುವಂತಿರಲಿಲ್ಲ. ಪರಿಣಾಮವಾಗಿ ಎಷ್ಟೋ ಮಂದಿ ನೋವನ್ನು ನುಂಗಿಕೊಂಡೇ ಇರುತ್ತಿದ್ದರು. ಒಳಗೆ ಒಬ್ಬ ಮಹಿಳೆ ಇರುತ್ತಾಳೆ ಎಂಬ ಫಲಕ ಕಿಟಕಿಯಲ್ಲಿ ಕಾಣಿಸಿಕೊಂಡ ಮೇಲೆ ಹೆಂಗಸರು ಧೈರ್ಯವಾಗಿ ಬರಲಾರಂಭಿಸಿದರು. ಈ ಪದ್ಧತಿ ಬೇರೆ ನಗರಗಳಿಗೂ ಹರಡಿತು. 1924ರಲ್ಲಿ ಜೂಲಿಯೆಟ್ ಸೌದರ್ಡ್ ಅವರ ನೇತೃತ್ವದಲ್ಲಿ ಅಮೆರಿಕದ ದಂತ ಸಹಾಯಕಿಯರ ಸಂಘವೂ ಸ್ಥಾಪನೆಯಾಯಿತು. ಕೆಲ್ಸ್ ಇದನ್ನು ಸಮಾಜ ಸುಧಾರಣೆಯೆಂದು ಮಾಡಿದರೋ ವೃತ್ತಿಯ ಅನುಕೂಲಕ್ಕೆಂದು ಮಾಡಿದರೋ ಎಂಬ ಚರ್ಚೆ ಅನಗತ್ಯ, ಎರಡೂ ಉದ್ದೇಶಗಳು ಒಟ್ಟಿಗೆ ಈಡೇರಿದವು.

ಕ್ಷ-ಕಿರಣದ ಆಗಮನ

ಜರ್ಮನಿಯ ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್ 1895ರ ನವೆಂಬರ್ 8ರಂದು ಕ್ಷ-ಕಿರಣವನ್ನು ಕಂಡುಹಿಡಿದು ಡಿಸೆಂಬರ್ ಅಂತ್ಯದಲ್ಲಿ ತಮ್ಮ ವರದಿಯನ್ನು ಸಲ್ಲಿಸಿದರು. ಸುದ್ದಿ ಹರಡಿದ ಎರಡೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ಬ್ರೌನ್‌ಶ್ವೈಗ್ ನಗರದ ದಂತವೈದ್ಯ ಒಟ್ಟೊ ವಾಲ್ಕೋಫ್ ತಮ್ಮದೇ ಬಾಯಿಯೊಳಗೆ ಗಾಜಿನ ಛಾಯಾಫಲಕದ ತುಣುಕನ್ನಿಟ್ಟುಕೊಂಡು ಹಲ್ಲಿನ ಮೊದಲ ಚಿತ್ರವನ್ನು ತೆಗೆಸಿದರು. ಅದಕ್ಕಾಗಿ ಅವರು 25 ನಿಮಿಷಗಳ ಕಾಲ ಅಲುಗಾಡದೆ ಕಿರಣಕ್ಕೆ ಮುಖವೊಡ್ಡಿ ಕುಳಿತಿರಬೇಕಾಯಿತು. ಇಂದು ಅದೇ ಚಿತ್ರಕ್ಕೆ ಒಂದು ಸೆಕೆಂಡೂ ಬೇಡ.

ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಬ್ರೌನ್ ಏಯರ್ಸ್ ಅದೇ ವರ್ಷ ಈ ಹೊಸ ಕಿರಣದ ಪ್ರಾತ್ಯಕ್ಷಿಕೆಯನ್ನು ತೋರಿಸಿದರು. ಕೈಯ ಎಲುಬುಗಳ ನೆರಳನ್ನು ಕಂಡ ಕೆಲ್ಸ್ ಅವರಿಗೆ ಹಲ್ಲಿನ ಬೇರು, ದವಡೆಯ ಒಳಭಾಗ ಇವೂ ಹೀಗೆಯೇ ಕಾಣಬೇಕಲ್ಲವೇ ಎಂದು ಹೊಳೆಯಿತು. ಏಯರ್ಸ್ ಅವರ ನೆರವಿನಿಂದ ಪ್ರಯೋಗಗಳನ್ನು ನಡೆಸಿ, ಬಳಿಕ ತಮ್ಮ ಚಿಕಿತ್ಸಾಲಯದಲ್ಲಿಯೇ ಸಲಕರಣೆಯನ್ನು ಸ್ಥಾಪಿಸಿಕೊಂಡರು. 1896ರ ಜುಲೈ ತಿಂಗಳಲ್ಲಿ ಉತ್ತರ ಕ್ಯಾರೊಲಿನಾ ರಾಜ್ಯದ ಆಶ್‌ವಿಲ್‌ನಲ್ಲಿ ನಡೆದ ದಕ್ಷಿಣ ಪ್ರಾಂತ್ಯದ ದಂತವೈದ್ಯರ ಸಮ್ಮೇಳನದಲ್ಲಿ ಸಹೋದ್ಯೋಗಿಗಳ ಮುಂದೆ ಅದನ್ನು ಪ್ರದರ್ಶಿಸಿದರು. ಜೀವಂತ ವ್ಯಕ್ತಿಯ ಬಾಯಿಯೊಳಗೆ ಫಿಲ್ಮ್ ಇಟ್ಟು ಚಿತ್ರ ತೆಗೆದ ಅಮೆರಿಕದ ಮೊದಲಿಗರು ಕೆಲ್ಸ್ ಎಂಬುದು ಪ್ರಚಲಿತ ಅಭಿಪ್ರಾಯ. ನ್ಯೂಯಾರ್ಕಿನ ವೈದ್ಯ ವಿಲಿಯಂ ಮಾರ್ಟನ್ ಹಾಗೂ ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ ಅವರ ಪ್ರಯೋಗಗಳೂ ಅದೇ ವರ್ಷದವು. ಕೆಲವೇ ವಾರಗಳ ಅಂತರದ ಈ ಹಿರಿತನದ ವಾದಕ್ಕಿಂತ, ಉಳಿದವರು ಪ್ರಯೋಗ ಮಾಡಿ ಬಿಟ್ಟ ಮೇಲೂ ಕೆಲ್ಸ್ ಮೂರು ದಶಕಗಳ ಕಾಲ ರೋಗಿಗಳ ಮೇಲೆ ಅದನ್ನು ಬಳಸುತ್ತ ಬಂದರೆಂಬುದು ಮುಖ್ಯವಾದ ಸಂಗತಿ.

ಆಗಿನ ವಿಧಾನ ಬಹಳ ಪ್ರಯಾಸದ್ದಾಗಿತ್ತು. ಹಲ್ಲಿಗೆಂದೇ ತಯಾರಾದ ಫಿಲ್ಮ್ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ದೊಡ್ಡ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಬೆಳಕು ಸೋಕದಂತೆ ಕಪ್ಪು ಕಾಗದದಲ್ಲಿಯೂ ಜೊಲ್ಲು ತಾಗದಂತೆ ತೆಳು ರಬ್ಬರಿನಲ್ಲಿಯೂ ಸುತ್ತಬೇಕಾಗಿತ್ತು. ರೋಗಿ ಅಲುಗಿದರೆ ಚಿತ್ರ ಕೆಡುತ್ತಿದ್ದುದರಿಂದ ಕೆಲ್ಸ್ ಫಿಲ್ಮನ್ನು ಹಲ್ಲಿನ ಹಿಂದೆ ನಿಶ್ಚಲವಾಗಿ ಹಿಡಿದಿಡುವ ಹಿಡಿಕೆಯೊಂದನ್ನು ರೂಪಿಸಿದರು. ಆದರೂ ಒಂದು ಚಿತ್ರಕ್ಕೆ ಹಲವು ನಿಮಿಷಗಳು ಬೇಕಾಗುತ್ತಿದ್ದವು, ಕೆಲವೊಮ್ಮೆ ಹದಿನೈದು ನಿಮಿಷಗಳವರೆಗೂ ಹೋಗುತ್ತಿತ್ತು.

ಗಾಜಿನ ಕಿರಣನಳಿಕೆಯೂ ಚಂಚಲ ಸ್ವಭಾವದ್ದು. ಒಳಗೆ ಉಳಿದಿರುವ ಅನಿಲದ ಪ್ರಮಾಣಕ್ಕೆ ತಕ್ಕಂತೆ ಅದರ ಕಿರಣ ಒಮ್ಮೆ ಮೃದುವಾಗಿಯೂ ಒಮ್ಮೆ ಗಡುಸಾಗಿಯೂ ಇರುತ್ತಿತ್ತು. ಮೃದುವಾದರೆ ಎಲುಬಿನ ಮೂಲಕ ತೂರದು, ಗಡುಸಾದರೆ ಎಲುಬು ಮಾಂಸಗಳ ಭೇದವೇ ತಿಳಿಯದು. ಆದ್ದರಿಂದ ಪ್ರತಿ ಸಲವೂ ಚಿತ್ರ ತೆಗೆಯುವ ಮೊದಲು ನಳಿಕೆಯನ್ನು ಹದಗೊಳಿಸಬೇಕಾಗಿತ್ತು. ಹದ ನೋಡಲು ಇದ್ದ ಅಳತೆಗೋಲು ಒಂದೇ: ಕಿರಣಕ್ಕೂ ಹೊಳೆಯುವ ತೆರೆಗೂ ನಡುವೆ ವೈದ್ಯರು ತಮ್ಮ ಕೈಯನ್ನೇ ಒಡ್ಡಿ, ಎಲುಬುಗಳು ಎಷ್ಟು ಸ್ಪಷ್ಟವಾಗಿ ಕಾಣುತ್ತವೆಂದು ನೋಡುವುದು. ಕೆಲ್ಸ್ ಹೀಗೆ ದಿನಕ್ಕೆ ಹಲವು ಸಲ, ವರ್ಷಗಟ್ಟಲೆ, ತಮ್ಮ ಕೈಯನ್ನು ಒಡ್ಡಿದರು. ಅವರ ಮರಣದ ಕಾರಣ ಇಲ್ಲಿಯೇ ಇದೆ.

ವಿಲಿಯಂ ಕೂಲಿಡ್ಜ್ 1913ರಲ್ಲಿ ನಿಯಂತ್ರಣಕ್ಕೆ ಸಿಗುವ ಹೊಸ ಬಗೆಯ ನಳಿಕೆಯನ್ನು ತಯಾರಿಸಿದ ಮೇಲೆ ಕೈಯೊಡ್ಡಿ ಹದ ನೋಡುವ ಅಗತ್ಯ ತಪ್ಪಿತು. ಅಷ್ಟರೊಳಗೆ ಕೆಲ್ಸ್ ಈ ಕೆಲಸದಲ್ಲಿ ಹದಿನೇಳು ವರ್ಷಗಳನ್ನು ಕಳೆದಿದ್ದರು.

ಬೇರುನಾಳದ ಚಿಕಿತ್ಸೆಗೆ ಕ್ಷ-ಕಿರಣ

ಹುಳುಕು ಹಲ್ಲಿನ ಒಳತಿರುಳನ್ನು ತೆಗೆದು ಬೇರಿನ ನಾಳವನ್ನು ತುಂಬುವ ಚಿಕಿತ್ಸೆ ಅದಾಗಲೇ ರೂಢಿಯಲ್ಲಿತ್ತು, ಇಂದು ಜನ ಅದನ್ನು ರೂಟ್ ಕೆನಾಲ್ ಎಂದೇ ಕರೆಯುತ್ತಾರೆ. ಆದರೆ ನಾಳ ಎಲ್ಲಿಯವರೆಗೆ ಇದೆ, ತುಂಬಿದ ವಸ್ತು ತುದಿಯವರೆಗೆ ತಲಪಿತೇ, ಬೇರಿನಾಚೆ ದಾಟಿತೇ ಎಂಬುದನ್ನು ತಿಳಿಯುವ ಉಪಾಯವಿರಲಿಲ್ಲ. ಬೆರಳ ತುದಿಯ ಅನುಭವವನ್ನು ನಂಬಿ ನಡೆಸುವ ಕೆಲಸವಾಗಿತ್ತು. ಕೆಲ್ಸ್ 1899ರಲ್ಲಿ ನಾಳದೊಳಗೆ ಲೋಹದ ತಂತಿಯನ್ನಿಟ್ಟು ಚಿತ್ರ ತೆಗೆದು ಬೇರಿನ ಉದ್ದವನ್ನು ಅಳೆಯುವ ಕ್ರಮವನ್ನು ತೋರಿಸಿದರು. ಲೋಹವು ಚಿತ್ರದಲ್ಲಿ ಬಿಳಿ ಗೆರೆಯಾಗಿ ಎದ್ದು ಕಾಣುವುದರಿಂದ ತಂತಿಯ ತುದಿ ಬೇರಿನ ತುದಿಯಿಂದ ಎಷ್ಟು ದೂರವಿದೆಯೆಂದು ಕಣ್ಣಾರೆ ನೋಡಬಹುದಾಯಿತು. ಇಂದಿಗೂ ಬೇರುನಾಳದ ಚಿಕಿತ್ಸೆಯ ನಡುವೆ ರೋಗಿಯ ಹಲ್ಲಿನಲ್ಲಿ ಸಣ್ಣ ಸೂಜಿಯನ್ನಿಟ್ಟು ತೆಗೆಯುವ ಚಿತ್ರದ ಮೂಲ ಇದೇ.

ಹಲ್ಲು ಕೀಳುವ ಗೀಳಿಗೆ ವಿರೋಧ

ಕೆಲ್ಸ್ ಅವರ ಜೀವನದ ಅತ್ಯಂತ ಮಹತ್ವದ ಭಾಗ ಇದೆಂದರೆ ತಪ್ಪಾಗಲಾರದು. ಆದರೂ ಯಂತ್ರಗಳ ಕಥೆಯ ನಡುವೆ ಇದು ಹಿಂದೆ ಸರಿದುಬಿಟ್ಟಿದೆ.

1910ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ, ಬಾಯಿಯ ನಂಜೇ ಅನೇಕ ರೋಗಗಳ ಮೂಲ ಎಂದು ಪ್ರತಿಪಾದಿಸಿದರು. ಶರೀರದ ಒಂದು ಮೂಲೆಯಲ್ಲಿ ಅಡಗಿರುವ ಸೋಂಕು ರಕ್ತದ ಮೂಲಕ ಕೀಲು, ಹೃದಯ, ಮೂತ್ರಪಿಂಡಗಳಿಗೆ ಹರಡುತ್ತದೆ ಎಂಬ ಈ ವಾದವು ಅಮೆರಿಕದಲ್ಲಿ ಬೆಂಕಿಯಂತೆ ಹಬ್ಬಿತು. ಕೀಲುನೋವು, ಅಜೀರ್ಣ, ಕಡೆಗೆ ಬುದ್ಧಿಭ್ರಮಣೆಗೂ ಹಲ್ಲೇ ಕಾರಣವೆಂದು ಬಗೆಯಲಾಯಿತು. ಟ್ರೆಂಟನ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯರು ರೋಗಿಗಳ ಹಲ್ಲುಗಳನ್ನು ಸಾಮೂಹಿಕವಾಗಿ ಕೀಳಿಸಿದರು. ತಿರುಳು ತೆಗೆದ ಹಲ್ಲು ಎಂದರೆ ಸಾಕು, ಅದು ಇರಬಾರದೆನ್ನುವ ವೈದ್ಯರ ಗುಂಪೇ ಬೆಳೆಯಿತು. ಸಾಮಾನ್ಯ ವೈದ್ಯರು ಚೀಟಿ ಬರೆದು ಕಳುಹಿಸುವುದು, ದಂತವೈದ್ಯರು ಮರುಮಾತಿಲ್ಲದೆ ಬಾಯಿ ಬರಿದು ಮಾಡುವುದು, ಹೀಗೆ ಅಸಂಖ್ಯ ಜನ ನಡುವಯಸ್ಸಿಗೇ ಬೋಳುಬಾಯಿಯವರಾದರು.

ಇದರಲ್ಲಿ ಕ್ಷ-ಕಿರಣಕ್ಕೂ ಪಾಲಿತ್ತು. ಬೇರಿನ ತುದಿಯಲ್ಲಿ ಒಂದು ಕಪ್ಪು ನೆರಳು ಕಂಡರೆ ಅದನ್ನೇ ಸೋಂಕಿನ ಸಾಕ್ಷಿಯೆಂದು ತೋರಿಸಲಾಗುತ್ತಿತ್ತು. ತಾವು ತಂದ ಸಾಧನವೇ ಹಲ್ಲು ಉಳಿಸುವ ಬದಲು ಹಲ್ಲು ಕೀಳಲು ನೆಪವಾದದ್ದು ಕೆಲ್ಸ್ ಅವರನ್ನು ಕೆರಳಿಸಿತು. 1920ರಲ್ಲಿ ಅವರು ದಂತ ವೃತ್ತಿಯಲ್ಲಿ ಕ್ಷ-ಕಿರಣದ ಸ್ಥಾನವನ್ನು ಕುರಿತು ಬರೆದ ಲೇಖನದಲ್ಲಿ ಈ ಪದ್ಧತಿಯನ್ನು ಕಟುವಾಗಿ ಖಂಡಿಸಿದರು. ವೈದ್ಯರ ಆಜ್ಞೆಯೆಂಬ ಒಂದೇ ಕಾರಣಕ್ಕೆ ದಂತವೈದ್ಯರು ಹಲ್ಲು ಕೀಳಬಾರದು, ಹಲ್ಲಿನ ಬಗ್ಗೆ ತೀರ್ಮಾನಿಸುವ ಹೊಣೆ ದಂತವೈದ್ಯರದೇ ಎಂಬುದು ಅವರ ನಿಲುವು. ಕೀಳಲೇಬೇಕಾದ ಹಲ್ಲಿಗೂ ಮೊದಲು ಚಿತ್ರ ತೆಗೆದು ಬೇರಿನ ಸ್ಥಿತಿಯನ್ನು ತಿಳಿಯಬೇಕೆಂದು ಅವರು ಬೋಧಿಸಿದರು. ಹೊಸ ಸಾಧನವನ್ನು ತಂದವರು ಸಾಮಾನ್ಯವಾಗಿ ಅದರ ಗುಣಗಾನದಲ್ಲೇ ತೊಡಗುವುದುಂಟು. ಅದರ ದುರುಪಯೋಗವನ್ನು ಎತ್ತಿ ತೋರಿಸುವ ಧೈರ್ಯ ತೋರಿದ್ದು ಕೆಲ್ಸ್ ಅವರ ವಿಶೇಷ.

ದವಡೆಯ ನಿರಪಾಯಕಾರಿ ನೆರಳುಗಳು

ಕೆಲ್ಸ್ ಅವರ ವಾದ ಎಷ್ಟು ಯುಕ್ತವಾಗಿತ್ತೆಂಬುದು ಅವರ ಮರಣಾನಂತರ ಇನ್ನಷ್ಟು ಸ್ಪಷ್ಟವಾಯಿತು. ದವಡೆಯ ಚಿತ್ರದಲ್ಲಿ ಕಾಣುವ ಪ್ರತಿ ಕಪ್ಪು ಮಚ್ಚೆಯೂ ಕೀವಲ್ಲ, ಪ್ರತಿ ಬಿಳಿ ಮಚ್ಚೆಯೂ ಗಡ್ಡೆಯಲ್ಲ.

ಕೆಳದವಡೆಯ ಮುಂದಿನ ಹಲ್ಲುಗಳ ಬೇರಿನ ತುದಿಯಲ್ಲಿ ಸಾಮಾನ್ಯ ಎಲುಬಿನ ಜಾಗದಲ್ಲಿ ನಾರಿನಂತಹ ಅಂಗಾಂಶ ಬೆಳೆದು, ಕ್ರಮೇಣ ಗಟ್ಟಿಯಾಗುವ ಒಂದು ವಿಕೃತಿಯಿದೆ. ನಡುವಯಸ್ಸಿನ ಮಹಿಳೆಯರಲ್ಲಿ ಇದು ಹೆಚ್ಚು. ಆರಂಭದ ಹಂತದಲ್ಲಿ ಇದರ ಚಿತ್ರವು ಕೀವುಗಡ್ಡೆಯ ಚಿತ್ರವನ್ನೇ ಹೋಲುತ್ತದೆ. ಆದರೆ ಹಲ್ಲು ಮಾತ್ರ ಪೂರ್ಣ ಆರೋಗ್ಯದಿಂದ, ಜೀವಂತವಾಗಿ ಇರುತ್ತದೆ. ತಣ್ಣನೆಯ ವಸ್ತು ಸೋಕಿಸಿ ಅಥವಾ ಸಣ್ಣ ವಿದ್ಯುತ್ ಪರೀಕ್ಷೆಯಿಂದ ಹಲ್ಲಿಗೆ ಸಂವೇದನೆ ಇದೆಯೇ ಎಂದು ನೋಡಿದರೆ ಸಾಕು, ಭೇದ ತಿಳಿಯುತ್ತದೆ. ಅಷ್ಟನ್ನೂ ನೋಡದೆ ನೆರಳನ್ನು ಮಾತ್ರ ನಂಬಿದರೆ ಆರೋಗ್ಯವಂತ ಹಲ್ಲು ಬಲಿಯಾಗುತ್ತದೆ.

ಮಿನ್ನೆಸೋಟಾದ ಮೇಯೋ ಕ್ಲಿನಿಕ್‌ನ ದಂತವೈದ್ಯ ಎಡ್ವರ್ಡ್ ಸ್ಟ್ಯಾಫ್ನೆ 1942ರಲ್ಲಿ ಇಂಥದೇ ಮತ್ತೊಂದು ಸಂಗತಿಯನ್ನು ವರದಿ ಮಾಡಿದರು. ಕೆಳದವಡೆಯ ಮೂಲೆಯ ಬಳಿ, ನರ ಸಾಗುವ ನಾಳದ ಕೆಳಗೆ, ದುಂಡಗಿನ ಅಥವಾ ಮೊಟ್ಟೆಯಾಕಾರದ ಕಪ್ಪು ಮಚ್ಚೆಗಳನ್ನು ಅವರು 35 ಮಂದಿಯಲ್ಲಿ ಗುರುತಿಸಿದರು. ಯಾರಿಗೂ ನೋವಿಲ್ಲ, ಬಾವಿಲ್ಲ. ವರ್ಷಗಳು ಕಳೆದರೂ ಮಚ್ಚೆ ದೊಡ್ಡದಾಗುವುದು ಅಪರೂಪ. ಇದು ಗಡ್ಡೆಯೂ ಅಲ್ಲ, ನೀರುಚೀಲವೂ ಅಲ್ಲ. ದವಡೆಯ ಒಳಮೈಯಲ್ಲಿರುವ ಒಂದು ತಗ್ಗು, ಅದರಲ್ಲಿ ಹೆಚ್ಚಾಗಿ ಜೊಲ್ಲುಗ್ರಂಥಿಯ ಒಂದು ಭಾಗವೋ ಕೊಬ್ಬೋ ಕುಳಿತಿರುತ್ತದೆ ಎಂದು ನಂತರದ ಅಧ್ಯಯನಗಳು ತಿಳಿಸಿದವು. ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ, ಬಹುಮಟ್ಟಿಗೆ ನಡುವಯಸ್ಸು ದಾಟಿದ ಗಂಡಸರಲ್ಲಿ ಇದು ಕಂಡುಬರುತ್ತದೆ. ಸ್ಟ್ಯಾಫ್ನೆ ಕುಳಿ ಎಂದು ಹೆಸರಾದ ಇದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ಎಳೆಯರ ದವಡೆಯಲ್ಲಿ ಕಾಣುವ, ಹಲ್ಲಿನ ಬೇರುಗಳ ನಡುವೆ ಬಳ್ಳಿಯಂಚಿನಂತೆ ಹಬ್ಬಿದ ಪೊಳ್ಳು ಕುಳಿಗಳೂ, ಎಲುಬಿನೊಳಗೇ ಒಂದೆಡೆ ದಟ್ಟವಾಗಿ ಬಿಳಿಯಾಗಿ ಕಾಣುವ ಗಟ್ಟಿ ಎಲುಬಿನ ದ್ವೀಪಗಳೂ ಇದೇ ಸಾಲಿಗೆ ಸೇರುತ್ತವೆ. ಇವೆಲ್ಲ ಬೇರೆ ಯಾವುದೋ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಅಕಸ್ಮಾತ್ತಾಗಿ ಗೋಚರಿಸುವಂಥವು.

ಫಿನ್ಲೆಂಡಿನ ಇರ್ಯೊ ಪಾಟೆರೊ 1940ರ ದಶಕದ ಅಂತ್ಯದಿಂದ ಅಭಿವೃದ್ಧಿಪಡಿಸಿದ, ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ವಿಧಾನ ಬಂದ ಮೇಲೆ ಇಂಥ ಪತ್ತೆಗಳು ಹೆಚ್ಚಿದವು. ನಮ್ಮ ಆಸ್ಪತ್ರೆಗಳಲ್ಲಿ ಓಪಿಜಿ ಎಂದು ಕರೆಯುವ ಚಿತ್ರ ಇದೇ. ಕೆಲ್ಸ್ ಅವರ ಕಾಲದ ಚಿಕ್ಕ ಫಿಲ್ಮಿಗೆ ದವಡೆಯ ಮೂಲೆ ನಿಲುಕುತ್ತಿರಲಿಲ್ಲ. ರೋಗಿಗಳಿಗೆ ಮಾತ್ರ ದವಡೆಯಲ್ಲಿ ಏನೋ ಕಪ್ಪಾಗಿದೆ ಎಂಬ ಮಾತು ಕೇಳಿದೊಡನೆ ಕ್ಯಾನ್ಸರಿನ ಭಯ ಆವರಿಸುವುದು ಸಹಜ. ಅಂಥ ಮಚ್ಚೆಯನ್ನು ಕೆಣಕದೆ ಸುಮ್ಮನೆ ಬಿಡಬೇಕೇ, ಕೆಲವು ತಿಂಗಳ ನಂತರ ಮತ್ತೆ ನೋಡಬೇಕೇ, ತುಣುಕು ತೆಗೆದು ಪರೀಕ್ಷಿಸಬೇಕೇ ಎಂಬುದನ್ನು ತಜ್ಞರು ಮಚ್ಚೆಯ ಸ್ಥಾನ, ಅಂಚು, ಹಲ್ಲಿನ ಜೀವಂತಿಕೆ ಎಲ್ಲವನ್ನೂ ಕೂಡಿಸಿ ನಿರ್ಧರಿಸುತ್ತಾರೆ.

ಅನಾರೋಗ್ಯ ಮತ್ತು ಮರಣ

ಕ್ಷ-ಕಿರಣವು ಅಪಾಯಕಾರಿ ಎಂಬ ಎಚ್ಚರಿಕೆ ಕೆಲ್ಸ್ ಅವರ ಕಾಲದಲ್ಲಿ ಇರಲೇ ಇಲ್ಲವೆನ್ನುವಂತಿಲ್ಲ. ಬಾಸ್ಟನ್ನಿನ ರಾಲಿನ್ಸ್ 1901ರಲ್ಲಿಯೇ ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ ಕಿರಣದಿಂದ ಅವು ಸಾಯುವುದನ್ನು ತೋರಿಸಿದ್ದರು. ನಳಿಕೆಗೆ ಸೀಸದ ಹೊದಿಕೆ ಹಾಕಬೇಕು, ರೋಗಿಯ ಮೈಯನ್ನೂ ಮುಚ್ಚಬೇಕು ಎಂದು ಬರೆದಿದ್ದರು. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಎರಡೂ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡಿದ್ದರು. ಆದರೂ ಬಹುತೇಕ ವೈದ್ಯರು ಇದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಸುಟ್ಟಗಾಯವಾದರೆ ಅದಕ್ಕೆ ವಿದ್ಯುತ್ತೇ ಕಾರಣವೆಂದು ನಂಬಿದವರೂ ಇದ್ದರು. ಕಿರಣದ ಪೆಟ್ಟು ಕೂಡಲೇ ಗೊತ್ತಾಗದೆ ವರ್ಷಗಳ ಬಳಿಕ ಕಾಣಿಸಿಕೊಳ್ಳುವುದು ಈ ಅಲಕ್ಷ್ಯಕ್ಕೆ ದೊಡ್ಡ ಕಾರಣ.

ಕೆಲ್ಸ್ ಅವರ ಕೈಯ ಚರ್ಮ ಒಣಗಿ ಬಿರಿದು, ಮಾಯದ ಹುಣ್ಣುಗಳಾಗಿ, ಕೊನೆಗೆ ಅರ್ಬುದಕ್ಕೆ ತಿರುಗಿತು. ಶಸ್ತ್ರಚಿಕಿತ್ಸೆಗಳ ಮೇಲೆ ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳ ಸಂಖ್ಯೆ ಸುಮಾರು 40ನ್ನು ಮುಟ್ಟಿತು. ಮೊದಲು ಬೆರಳುಗಳು, ನಂತರ ಕೈ, ಆಮೇಲೆ ತೋಳು. ಸೂಕ್ಷ್ಮ ಕೈಚಳಕವೇ ಜೀವಾಳವಾದ ವೃತ್ತಿಯವರಿಗೆ ಇದಕ್ಕಿಂತ ಕ್ರೂರವಾದ ಹಾನಿ ಇನ್ನೊಂದಿರಲಾರದು.

ಈ ಯಾತನೆಯ ವರ್ಷಗಳಲ್ಲಿಯೇ ಅವರು ತಮ್ಮ ಎರಡು ಪುಸ್ತಕಗಳನ್ನು ಪ್ರಕಟಿಸಿದರು. ದಂತವೈದ್ಯರ ನಿತ್ಯದ ವೃತ್ತಿಗೆ ಕೈಪಿಡಿಯಂತಿರುವ ‘ದಿ ಡೆಂಟಿಸ್ಟ್ಸ್ ಓನ್ ಬುಕ್’ 1925ರಲ್ಲಿಯೂ, ಅರವತ್ತೊಂಬತ್ತು ವರ್ಷಗಳ ಬದುಕನ್ನು ನೆನೆಯುವ ‘ತ್ರೀ ಸ್ಕೋರ್ ಇಯರ್ಸ್ ಅಂಡ್ ನೈನ್’ 1926ರಲ್ಲಿಯೂ ಹೊರಬಂದವು. ತಮ್ಮ ರೋಗದ ಬಗ್ಗೆ ಬರೆಯುವಾಗಲೂ ಅವರು ವಿಧಿಯನ್ನು ಹಳಿಯಲಿಲ್ಲ, ಕಿರಣವನ್ನು ಶಪಿಸಲಿಲ್ಲ. ಅದರಿಂದ ಪ್ರತಿದಿನ ಸಾವಿರಾರು ರೋಗಿಗಳಿಗೆ ಉಪಕಾರವಾಗುತ್ತಿರುವಾಗ ಕೆಲವರು ನೋವುಣ್ಣುವುದರ ಬಗ್ಗೆ ದೂರುವುದು ಸಲ್ಲದೆಂಬುದು ಅವರ ಭಾವನೆಯಾಗಿತ್ತು. ಕಿರಿಯರಿಗೆ ಎಚ್ಚರಿಕೆಯನ್ನೂ ಹೇಳಿದರು.

ರೋಗವು ಗುಣವಾಗುವ ಆಸೆ ಉಳಿಯಲಿಲ್ಲ. 1928ರ ಮೇ 7ರಂದು ಕೆಲ್ಸ್ ನ್ಯೂ ಆರ್ಲಿಯನ್ಸ್‌ನ ತಮ್ಮ ಚಿಕಿತ್ಸಾಲಯದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆಗ ಅವರಿಗೆ 71 ವರ್ಷ ವಯಸ್ಸಾಗಿತ್ತು.

ಭಾರತ ಮತ್ತು ಕರ್ನಾಟಕದಲ್ಲಿ

ಕೆಲ್ಸ್ ಅವರು ವೃತ್ತಿಯಲ್ಲಿದ್ದ ಕಾಲದಲ್ಲಿಯೇ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ದಂತವೈದ್ಯಕೀಯ ಪದವಿ ಪಡೆದವರು ರಫಿಯುದ್ದೀನ್ ಅಹಮದ್. ಇವರು 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಇವರ ಹುಟ್ಟೂರು ಪೂರ್ವ ಬಂಗಾಳದ್ದು. ರಾಯಚೂರು ಜಿಲ್ಲೆಯ ಸಿಂಧನೂರು ಸಮೀಪದ ಆರ್.ಎಚ್. ಕ್ಯಾಂಪ್‌ಗಳಲ್ಲಿ ಪುನರ್ವಸತಿ ಪಡೆದ ಬಂಗಾಳಿ ಕುಟುಂಬಗಳ ಹಿರಿಯರ ನಾಡೂ ಅದೇ. ಸ್ವಾತಂತ್ರ್ಯಾನಂತರ ಅಹಮದ್ ಪಶ್ಚಿಮ ಬಂಗಾಳದ ಮಂತ್ರಿಮಂಡಲದಲ್ಲಿ ಪರಿಹಾರ ಮತ್ತು ಪುನರ್ವಸತಿ ಖಾತೆಯನ್ನೂ ನಿರ್ವಹಿಸಿದ್ದರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾಯಿತು. ಈಗ ರಾಯಚೂರು ನಗರದಲ್ಲಿಯೂ ಎ.ಎಂ.ಇ. ಮತ್ತು ನವೋದಯ ದಂತವೈದ್ಯಕೀಯ ಕಾಲೇಜುಗಳಿವೆ. ದವಡೆಯ ಚಿತ್ರಗಳನ್ನು ಓದುವ ವಿದ್ಯೆಯನ್ನು ದಂತವೈದ್ಯಕೀಯದಲ್ಲಿ ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿ ಕಲಿಸಲಾಗುತ್ತದೆ. ದೇಶದಲ್ಲಿ ಕ್ಷ-ಕಿರಣ ಯಂತ್ರಗಳ ಬಳಕೆಯನ್ನು 1983ರಲ್ಲಿ ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಿಯಂತ್ರಿಸುತ್ತದೆ.

ಕೆಲ್ಸ್ ಮಾಡಿದ್ದಕ್ಕೆ ನೇರ ವಿರುದ್ಧವಾದುದನ್ನು ಇಂದು ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿ ಕಲಿಸುತ್ತಾರೆ. ಚಿತ್ರ ತೆಗೆಯುವಾಗ ವೈದ್ಯರಾಗಲಿ ಸಹಾಯಕರಾಗಲಿ ರೋಗಿಯ ಬಾಯಿಯೊಳಗೆ ಫಿಲ್ಮನ್ನು ತಮ್ಮ ಕೈಯಿಂದ ಹಿಡಿಯಕೂಡದು, ಕಿರಣದ ನೇರದಲ್ಲಿ ನಿಲ್ಲಕೂಡದು, ದೂರ ಸರಿದು ಅಥವಾ ಸೀಸದ ತಡೆಯ ಹಿಂದೆ ನಿಂತು ಗುಂಡಿ ಒತ್ತಬೇಕು. ಫಿಲ್ಮನ್ನು ಹಿಡಿಯಲು ಹಿಡಿಕೆಯನ್ನು ಬಳಸಬೇಕು. ಅಂಥ ಹಿಡಿಕೆಯನ್ನು ಮೊದಲು ರೂಪಿಸಿದವರಲ್ಲಿ ಕೆಲ್ಸ್ ಒಬ್ಬರು.